ದುಂಡವ್ವನ ಪಡಸಾಲೆಯಲ್ಲಿ ಮೂಸಿದ ಮದುವೆಯ ಕಾಗದ

ಬ್ಯಾಡಗಿ
ಫೆಬ್ರವರಿ ೩೦, ೨೧೯೧

ಹಿಂದಿನವರೇ,

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಈ ಪ್ರಕರಣಕ್ಕೆ ತಗುಲಿದ್ದು ಇಷ್ಟು: ಸರ್ಕಾರಿ ಹಾಳೆ ಎರಡು, ಶಾಯಿ ಕಾಲು ಸೀಸೆ, ಮಿರ್ಚಿಭಜಿ ಎರಡು ಕಿಲೊ, ಒಂಬತ್ತು ಜನರ ಅರ್ಧ ದಿನ, ನಲ್ಲಿಯ ವಾಷರ್ ಒಂದು. ಕಣ್ಣೀರನ್ನು ಅಳೆದಿಲ್ಲ, ಅದರಲ್ಲಿ ಭಜಿಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಒಂದು ಮದುವೆ ಹೋಗುವುದರಲ್ಲಿತ್ತು. ಅದರ ಹಿಂದೆಯೇ ನನ್ನ ಮುದ್ರೆಯೂ ಹೋಗುವುದರಲ್ಲಿತ್ತು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕಿದ ಐದನ್ನು ವರ್ಷದ ಕೊನೆಗೆ ರಜೆ ಎಂದು ಬಿಟ್ಟುಬಿಟ್ಟಿದ್ದೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸದೆನಿಸಬಹುದು, ಕ್ಷಮಿಸಿ. ಎದುರಾದಾಗ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮ ಕೈಗೆ ಹೇಗೆ ಬಂತೆಂದು ಮಾತ್ರ ಕೇಳಬೇಡಿ, ಅಂಚೆಯವರಿಗೇ ಗೊತ್ತಿಲ್ಲ.

ನಿಮ್ಮ ಕಾಲದಲ್ಲಿ ಯಂತ್ರ ಬರೆದದ್ದು ಮನುಷ್ಯರು ಬರೆದಂತೆ ಕೇಳಿಸುತ್ತದೆಯೋ ಇಲ್ಲವೋ ಎಂದು ದೊಡ್ಡ ಚರ್ಚೆ ನಡೆಯುತ್ತಿತ್ತಂತೆ. ಚರ್ಚೆ ಮುಗಿಸಿ ಎದ್ದು ಊಟ ಮಾಡಿ. ಕೇಳಿಸುತ್ತದೆ. ಈಗ ತೊಂದರೆಯಿರುವುದು ಮನುಷ್ಯರು ಬರೆದದ್ದರಲ್ಲಿ.

ನಮ್ಮ ಕಾಲದಲ್ಲಿ ಮನೆಗೊಬ್ಬ ನುಡಿಗ ಇರುತ್ತಾನೆ. ನುಡಿಗ ಎಂದರೆ ಬರೆಯುವ ಯಂತ್ರ, ಅಡುಗೆಮನೆಯ ಕಪಾಟಿನಲ್ಲಿ ಮಿಕ್ಸರ್ ಪಕ್ಕ ಕೂತಿರುತ್ತದೆ. ಬೇಕೆಂದರೆ ಪೆನ್ನು ಹಿಡಿಯುವ ಕೈಯೂ ಉಂಟು. ಅರ್ಜಿ, ರಜಾಚೀಟಿ, ನೆರೆಮನೆಯವರಿಗೆ ಬೈಗುಳ, ಎಲ್ಲವೂ ಅವನದೇ. ನಮ್ಮ ಓಣಿಯ ಎರಡು ಮನೆಗಳ ನುಡಿಗರು ಗೋಡೆಯ ವಿಚಾರಕ್ಕೆ ಆರು ವರ್ಷದಿಂದ ಘೋರವಾಗಿ ಬೈದಾಡಿಕೊಳ್ಳುತ್ತಿದ್ದಾರೆ. ಮನೆಯವರು ಅದೇ ಗೋಡೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ನುಡಿಗ ಬರೆದರೆ ಅಜ್ಜಿ ಮಾತಾಡಿದ ಹಾಗಿರುತ್ತದೆ. ನಡುವೆ ದಾರಿ ತಪ್ಪುತ್ತದೆ, “ಅಯ್ಯೋ ಮರೆತೆ” ಎನ್ನುತ್ತದೆ, ಒಂದು ಸಾಲಿಗೆ ಚಿತ್ತು ಹಾಕಿ ಮೇಲೆ ಇನ್ನೊಂದು ಬರೆಯುತ್ತದೆ. ನಾವೋ, ಮೂರು ತಲೆಮಾರು ಹಳೆಯ ಯಂತ್ರಗಳ ಪಾಠ ಓದಿ ಬೆಳೆದವರು. ಪೆನ್ನು ಹಿಡಿದರೆ ಸಾಕು, “ಒಟ್ಟಾರೆಯಾಗಿ ಹೇಳುವುದಾದರೆ” ಎಂದು ಶುರುವಾಗುತ್ತದೆ.

ಹಾಗಾಗಿ ಸರ್ಕಾರ ಒಂದು ಕಟ್ಟುಪಾಡು ಮಾಡಿತು. ಮದುವೆ, ಸಾವು, ತಪ್ಪೊಪ್ಪಿಗೆ, ಈ ಮೂರಕ್ಕೆ ಕೈಕಾಗದವೇ ಆಗಬೇಕು. ಅಂದರೆ ಬರೆಯುವವರು ತಮ್ಮ ತಲೆಯಿಂದ, ತಮ್ಮ ಕೈಯಿಂದ, ಒಬ್ಬ ಬರಹಸಾಕ್ಷಿಯ ಎದುರು ಕೂತು ಬರೆಯಬೇಕು. ಆ ಬರಹಸಾಕ್ಷಿ ನಾನು, ಗುರುಸಿದ್ದವ್ವ ಮೆಣಸಿನಕಾಯಿ. ಹದಿನೇಳು ವರ್ಷ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಸವಾಲು ಕೂಗಿದವಳು. ಎಣ್ಣೆ ಸವರಿ ಹೊಳಪು ತಂದ ಕಾಯಿಯನ್ನು ಚೀಲ ಬಿಚ್ಚುವ ಮೊದಲೇ ಮೂಗಿನಲ್ಲಿ ಹಿಡಿಯುತ್ತಿದ್ದೆ. ಅದೇ ಮೂಗನ್ನು ಬಂಡವಾಳ ಮಾಡಿಕೊಂಡು ಈ ಕಸುಬಿಗೆ ಬಂದೆ. ಕೂತು ನೋಡುವುದು, ಮುದ್ರೆ ಒತ್ತುವುದು, ಇಷ್ಟೇ ಕೆಲಸ. ಇದರಲ್ಲೂ ತಪ್ಪು ಮಾಡಲು ಸಾಧ್ಯ ಎಂದು ಹೋದ ತಿಂಗಳು ಗೊತ್ತಾಯಿತು.

ನೀರಿನ ಮೀಟರ್ ರಿಪೇರಿಯ ಚನ್ನವೀರ ನನ್ನ ಎದುರು ಕೂತದ್ದು ನೀಲಾಳಿಗೆ ಮದುವೆಯ ಕಾಗದ ಬರೆಯಲು. ನೀಲಾ ಬೀಜ ಪರೀಕ್ಷೆಯ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಅಜ್ಜಿ ದುಂಡವ್ವನ ಮನೆಯಲ್ಲಿ ಬೆಳೆದವಳು. ಮೀಟರ್ ನೋಡಲು ಹೋದಾಗ ಪರಿಚಯ. ಹುಡುಗ ಮೂರು ಗಂಟೆ ಬೆವರಿದ. ಹದಿನಾಲ್ಕು ಕಡೆ ಚಿತ್ತು, ಎರಡು ಕಡೆ ಶಾಯಿ ಚೆಲ್ಲಿತ್ತು. ನನಗೆ ಕನಿಕರ ಬಂತು, ಅಲ್ಲೇ ಕೆಟ್ಟೆ. “ಚೊಲೋ ಹಾಳಿಮ್ಯಾಲೆ ನೀಟಾಗಿ ಇಳಸಪಾ, ಹಿರ್ಯಾರ ಮುಂದ ಓದೂದೈತಿ” ಎಂದೆ. ಅವನು ಮುತ್ತು ಪೋಣಿಸಿದ ಹಾಗೆ ಪ್ರತಿ ತೆಗೆದ. ಒಂದು ಚಿತ್ತಿಲ್ಲ, ಒಂದು ಮಚ್ಚೆಯಿಲ್ಲ. ನಾನು ಮುದ್ರೆ ಒತ್ತಿದೆ. ಕೈಕಾಗದಕ್ಕೆ ಮೊದಲ ಹಾಳೆಯೇ ಆಗಬೇಕು, ಅದು ಕಸುಬಿನ ಮೊದಲ ನಿಯಮ. ಮೊದಲ ಹಾಳೆಯನ್ನು ನಾನು ಏನು ಮಾಡಿದೆ ಎನ್ನುವುದು ಮುಂದೆ ಬರುತ್ತದೆ, ಗಾಬರಿಯಾಗಬೇಡಿ.

ಮದುವೆಯ ಕಾಗದವನ್ನು ಹೆಣ್ಣಿನ ಮನೆಯ ಪಡಸಾಲೆಯಲ್ಲಿ ಹಿರಿಯರ ಮುಂದೆ ಓದುತ್ತಾರೆ. ಬರಹಸಾಕ್ಷಿಯ ಮುದ್ರೆಯನ್ನಷ್ಟೇ ನಂಬದೆ, ಹಿರಿಯರು ಅದು ಮನುಷ್ಯನದೋ ನುಡಿಗನದೋ ಎಂದು ತೀರ್ಮಾನಿಸಬೇಕು, ಇದಕ್ಕೆ ಮೂಸುವುದು ಎನ್ನುತ್ತಾರೆ. ನುಡಿಗನದು ಎಂದಾದರೆ ಮದುವೆ ಅಲ್ಲಿಗೇ ಮುರಿಯಿತು. ಹುಡುಗನಿಗೆ ಬಾಡಿಗೆಬಾಯಿ ಎಂದು ಹೆಸರು ಬೀಳುತ್ತದೆ, ಆಮೇಲೆ ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಓದುವ ಮೊದಲು ಗಂಡಿನ ಕಡೆಯವರು ಎಲ್ಲರಿಗೂ ಮಿರ್ಚಿಭಜಿ ಕೊಡುವುದು ವಾಡಿಕೆ. ಹಿರಿಯರ ಕಣ್ಣು ಮೊದಲೇ ಒದ್ದೆಯಾಗಿದ್ದರೆ ಕಾಗದಕ್ಕೆ ಅನುಕೂಲ.

ಅಂದು ಕಾಗದ ಓದಿದವನು ನೀಲಾಳ ಸೋದರಮಾವ ಈರಬಸಪ್ಪ, ದುಂಡವ್ವನ ಒಬ್ಬನೇ ಮಗ. ಕಾಗದ ಹೀಗಿತ್ತು:

“ಮಾನ್ಯರೇ, ನಾನು ಬೆಳಿಗ್ಗೆ ಐದು ಗಂಟೆಗೆ ಏಳುತ್ತೇನೆ. ನನಗೆ ಸಿಟ್ಟು ಕಡಿಮೆ. ಹಲ್ಲು ಎಲ್ಲವೂ ಇವೆ. ನಿಮ್ಮ ಹಿತ್ತಿಲ ನಲ್ಲಿಯ ವಾಷರ್ ಸವೆದಿದೆ. ದಿನಕ್ಕೆ ಒಂದು ಕೊಡ ನೀರು ಪೋಲಾಗುತ್ತಿದೆ. ಮದುವೆಯಾದರೂ ಆಗದಿದ್ದರೂ ಅದನ್ನು ಹಾಕಿಕೊಡುತ್ತೇನೆ. ಒಟ್ಟಾರೆಯಾಗಿ ಹೇಳುವುದಾದರೆ, ದಾಂಪತ್ಯವು ಜೀವನದ ಒಂದು ಮಹತ್ವದ ಅಂಶವಾಗಿದೆ.”

ಈರಬಸಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

“ಒಂದಾದ್ರೂ ಚಿತ್ತು ಐತೇನು ಇದರಾಗ? ಇದು ಯಂತ್ರ. ಅದೂ ಅಗ್ಗದ ಯಂತ್ರ!”

“ಮಾವಾ, ನಲ್ಲಿ ವಿಷಯ ಐತೆಲ್ಲ. ಅದು ಯಂತ್ರಕ್ಕ ಹೆಂಗ ಗೊತ್ತಾಗಬೇಕು?” ಎಂದಳು ನೀಲಾ.

“ಅದ ನೋಡವಾ, ಮನಿ ವಿಷಯ ಒಂದು ತುರಕೂದು ಅವು ಮೊದಲ ಕಲಿತ ವಿದ್ಯೆ. ನಮ್ಮ ನುಡಿಗ ಕರೆಂಟ್ ಆಫೀಸಿಗೆ ಅರ್ಜಿ ಬರದ್ರೂ ನನ್ನ ಮಂಡಿನೋವು ಹಾಕ್ತೈತಿ.”

ನಾನು ಎದ್ದು ನಿಂತೆ. ತಪ್ಪು ನನ್ನದು, ಮೊದಲ ಹಾಳೆಯಲ್ಲಿ ಹದಿನಾಲ್ಕು ಚಿತ್ತುಗಳಿವೆ, ಪ್ರತಿ ತೆಗೆಸಿದವಳು ನಾನೇ ಎಂದು ಒಪ್ಪಿಕೊಂಡೆ. ಎಲ್ಲಿದೆ ಆ ಹಾಳೆ ಎಂದರು. ಭಜಿಯ ಬುಟ್ಟಿಯ ತಳಕ್ಕೆ ಹಾಸಿದ್ದೆ. ಉಳಿದ ನಾಲ್ಕು ಭಜಿ ಎತ್ತಿಟ್ಟು ಹಾಳೆಯನ್ನು ಹೊರತೆಗೆದೆವು. ಎಣ್ಣೆ ಕುಡಿದು ಅದು ಗಾಜಿನಂತೆ ಪಾರದರ್ಶಕವಾಗಿತ್ತು.

ಈರಬಸಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದ. “ಎಣ್ಣಿ ಕಲೆ ಹಾಕಿದ ಹಾಳಿ ಪ್ಯಾಟ್ಯಾಗ ಡಜನ್ ಲೆಕ್ಕದಾಗ ಸಿಗ್ತಾವು, ಗುರುಸಿದ್ದವ್ವಾರ. ನೀವ ಮಾರತೀರಿ.”

ಮಾರುವುದು ನಿಜ, ಕೈಕಾಗದದಂತೆ ಕಾಣಲೆಂದು ಕೊಳ್ಳುವವರಿದ್ದಾರೆ. ಎತ್ತಿಟ್ಟ ಭಜಿಗಳನ್ನು ಮತ್ತೆ ಬುಟ್ಟಿಗೆ ತುಂಬಿದೆ.

“ಮನುಷ್ಯಾರ ಕಾಗದ ಅಂದ್ರ ಹೆಂಗಿರತೈತಿ ತೋರಸ್ತೀನಿ” ಎಂದು ಈರಬಸಪ್ಪ ಒಳಗೆ ಹೋಗಿ ಅವ್ವನ ಮಸಾಲೆ ಡಬ್ಬಿಯಿಂದ ಒಂದು ಹಳದಿ ಹಾಳೆ ತಂದ. ತೀರಿಹೋದ ಅವನ ಅಪ್ಪ ಶಾಂತವೀರಪ್ಪ ಮದುವೆಗೆ ಮೊದಲು ದುಂಡವ್ವನಿಗೆ ಬರೆದದ್ದು. ಎಲ್ಲರಿಗೂ ಕೇಳುವಂತೆ ಓದಿದ. “ದುಂಡೀ, ನಿನ್ನ ಹೆಸರು ಬರೆಯುವಾಗ ಪೆನ್ನು ನಿಂತೇಬಿಟ್ಟಿತು. ನನಗೆ ಮಾತು ಬಾರದು, ಕೋಪಿಸಿಕೊಳ್ಳಬೇಡ. ಪ್ರತಿ ಸೋಮವಾರ ನಿನ್ನ ತಲೆಗೆ ನಾನೇ ಎಣ್ಣೆ ಹಚ್ಚುತ್ತೇನೆ. ನೀನು ಅತ್ತರೆ ಏಕೆಂದು ಕೇಳುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ. ಅಯ್ಯೋ, ಇನ್ನೇನೋ ಹೇಳಬೇಕಿತ್ತು, ಮರೆತೆ.” ಹೆಸರಿನ ಪಕ್ಕದಲ್ಲಿ ಒಂದು ದುಂಡು ಶಾಯಿಮಚ್ಚೆ. ಎಲ್ಲರೂ ಅತ್ತರು. ಭಜಿ ತಿನ್ನದವರೂ ಅತ್ತರು.

ನಾನು ಮಾತ್ರ ಆ ಮಚ್ಚೆಯನ್ನೇ ನೋಡುತ್ತಿದ್ದೆ. ಇದೇ ಕಾಗದವನ್ನು ಊರಿನ ಇನ್ನೂ ಮೂರು ಮನೆಗಳಲ್ಲಿ ನೋಡಿದ್ದೇನೆ. ಹೆಸರು ಬೇರೆ. ಪೆನ್ನು ಅಲ್ಲೇ ನಿಂತಿದೆ, ಮಚ್ಚೆ ಅಲ್ಲೇ ಬಿದ್ದಿದೆ, ಮರೆತದ್ದೂ ಅದನ್ನೇ. ಐವತ್ತೆರಡು ವರ್ಷದ ಹಿಂದೆ ಯಾವನೋ ಬರಹಸಾಕ್ಷಿ ನುಡಿಗನ ಕೈಲಿ ಒಂದು ಮಾದರಿ ಬರೆಸಿಟ್ಟುಕೊಂಡು ಒಳ್ಳೆಯ ವ್ಯಾಪಾರ ಮಾಡಿದ್ದ. ಹೇಳಿದರೆ ಹುಡುಗ ಉಳಿಯಬಹುದು, ಆದರೆ ಮುದುಕಿಯ ಮಸಾಲೆ ಡಬ್ಬಿ ಖಾಲಿಯಾಗುತ್ತದೆ. ಲೆಕ್ಕ ಹೇಗೆ ಹಾಕಿದರೂ ಕೂಡಲಿಲ್ಲ. ಬಾಯಿ ಬಿಡಲಿಲ್ಲ.

ಈರಬಸಪ್ಪ ಕಣ್ಣೊರೆಸಿಕೊಂಡು ತೀರ್ಪು ಹೇಳಿಬಿಟ್ಟ. ಮದುವೆ ಮುರಿಯಿತು. ಹುಡುಗನಿಗೆ ಬೈಯೋಣವೆಂದು ತಿರುಗಿದರೆ ಹುಡುಗನೇ ಇಲ್ಲ.

“ನೋಡ್ರಿ, ಓಡಿ ಹೋದ!”

ಅಷ್ಟರಲ್ಲಿ ಹಿತ್ತಿಲಿನಿಂದ ಠಣ್ ಠಣ್ ಎಂದು ಸದ್ದು ಬಂತು. ಎಲ್ಲರೂ ಎದ್ದು ಹೋದೆವು. ಚನ್ನವೀರ ಹೊಸ ಅಂಗಿಯ ತೋಳು ಮಡಚಿ, ಮೊಣಕಾಲವರೆಗೆ ಒದ್ದೆಯಾಗಿ, ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಪಾನಾ ತಿರುವುತ್ತಿದ್ದ.

“ಮದುವಿ ಮುರದೈತಿ, ಗೊತ್ತೈತೇನ ನಿಮಗ?” ಎಂದು ಕೇಳಿದಳು ನೀಲಾ.

“ಕೇಳಿಸ್ತ್ರಿ.”

“ಮತ್ತ ಇದೇನು ಮಾಡಾಕತ್ತೀರಿ?”

ಅವನು ತಲೆಯೆತ್ತಲಿಲ್ಲ. “ಕಾಗದದಾಗ ಬರದೀನಲ್ರಿ, ಆದರೂ ಆಗದಿದ್ದರೂ ಅಂತ. ಆ ಕಡೆ ಸ್ವಲ್ಪ ಸರೀರಿ, ನೀರು ಸಿಡೀತಾವು.”

ದುಂಡವ್ವ ಬಾಗಿಲ ಚೌಕಟ್ಟು ಹಿಡಿದು ನಗಲು ಶುರುಮಾಡಿದಳು. ಎಂಬತ್ತರ ಹತ್ತಿರದ ಮುದುಕಿ, ನಗು ನಿಲ್ಲಿಸಲು ಇಬ್ಬರು ಬೆನ್ನು ತಟ್ಟಬೇಕಾಯಿತು.

“ಈರಾ, ನಿಮ್ಮಪ್ಪನ ಕಾಗದಾನೂ ನುಡಿಗಂದ ಐತಿ.”

“ಯವ್ವಾ!”

“ಏನ್ ಯವ್ವಾ? ನಿಮ್ಮಪ್ಪ ಅಂಗಡಿ ಚೀಟಿ ಬರಿಯೂದಕ್ಕೂ ನನ್ನ ಕರೀತಿದ್ದ. ಪೆನ್ನು ನಿಂತತಂತ! ಹಿಡದಿದ್ರ ಅಲ್ಲೇನು ನಿಲ್ಲೂದು? ಮದುವ್ಯಾದ ಎರಡನೇ ವಾರಕ್ಕ ನನಗ ಗೊತ್ತಾತು. ಬಾಯಿ ಬಿಡಲಿಲ್ಲ. ಸೋಮವಾರ ಬಂತಂದ್ರ ಆ ಕಾಗದ ಮುಂದ ಇಡತಿದ್ದೆ, ‘ನೀವ ಬರದೀರಲ್ರಿ’ ಅಂತಿದ್ದೆ. ಮೊದಲ ಮೊದಲ ಗೊಣಗಿಕೋಂತ ಎಣ್ಣಿ ಹಚ್ಚತಿದ್ದ. ಆಮ್ಯಾಲೆ ಸುಮ್ಮನ ಹಚ್ಚತಿದ್ದ. ಕಡೀಕಡೀಕ ರವಿವಾರದಿಂದನ ಎಣ್ಣಿ ಬಟ್ಟಲ ಹುಡುಕತಿದ್ದ. ನಮ್ಮವ್ವ ಸತ್ತಾಗ ಏನೂ ಕೇಳಲಿಲ್ಲ, ಮೂರು ದಿನ ಬಾಜೂಕ ಕುಂತ.” ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಅವ ಬರದಿರಲಿಲ್ಲ, ಖರೆ. ಆದ್ರ ನಡಕೊಂಡಾವ ಅವನ. ಈ ಹುಡುಗನ ಕಾಗದ ಯಾರ ಬರದದ್ದರ ಆಗಲಿ, ನಲ್ಲ್ಯಾಗ ಕೈ ಇಟ್ಟಾವ ಇವನ. ಇನ್ನೇನು ಮೂಸ್ತೀರಿ?”

ನೀಲಾ ಒಳಗೆ ಹೋಗಿ ಟವೆಲ್ ತಂದು ಅವನಿಗೆ ಕೊಟ್ಟಳು. ನಮ್ಮ ಕಾಲದಲ್ಲೂ ಅದಕ್ಕೆ ಒಪ್ಪಿಗೆ ಎಂದೇ ಅರ್ಥ. ಆ ಹೊತ್ತಿಗೆ ನಲ್ಲಿಯ ತಟಕು ನಿಂತಿತ್ತು.

ಈಗ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಮ್ಮ ನುಡಿಗರಿಗೆ ಮನುಷ್ಯರ ದನಿ ಆಕಾಶದಿಂದ ಬಂದದ್ದಲ್ಲ. ನೀವು ಬರೆದು ಬಿಟ್ಟದ್ದನ್ನೆಲ್ಲ ಓದಿ ಓದಿ ಕಲಿತದ್ದು: ನಿಮ್ಮ ಜಗಳ, ಜಾಹೀರಾತು, ರಜಾಚೀಟಿ, ಕಳಿಸದೆ ಉಳಿದ ಪ್ರೇಮಪತ್ರ. ಅಂದರೆ “ನಿನ್ನ ಹೆಸರು ಬರೆಯುವಾಗ ಪೆನ್ನು ನಿಂತಿತು” ಎಂದು ನಿಮ್ಮಲ್ಲಿ ಯಾರೋ ಒಬ್ಬರು ಎಂದೋ ನಿಜವಾಗಿಯೂ ಬರೆದಿದ್ದೀರಿ. “ಏಕೆಂದು ಕೇಳುವುದಿಲ್ಲ, ಪಕ್ಕದಲ್ಲಿ ಕೂರುತ್ತೇನೆ” ಎಂದು ಇನ್ಯಾರೋ. ಅವರು ಸಿಕ್ಕರೆ ದಯವಿಟ್ಟು ತಿಳಿಸಿ: ಬ್ಯಾಡಗಿಯಲ್ಲಿ ಮಾತು ಬಾರದ ಒಬ್ಬ ಮನುಷ್ಯ ಅದರಂತೆ ಐವತ್ತು ವರ್ಷ ನಡೆದುಕೊಂಡ. ಹಾಗೆಯೇ, ನಡೆದುಕೊಳ್ಳಬಹುದಾದ ಸಾಲುಗಳನ್ನು ಇನ್ನಷ್ಟು ಬರೆದಿಡಿ. ನಮ್ಮಲ್ಲಿ ದಾಸ್ತಾನು ಕಡಿಮೆಯಿದೆ.

ಕೊನೆಯ ಲೆಕ್ಕ, ಯಾರಿಗೆ ಏನು ದಕ್ಕಿತು ಎಂಬುದು. ನೀಲಾಳಿಗೆ ಹೇಳಿದ್ದನ್ನು ಮಾಡುವ ಗಂಡ. ಚನ್ನವೀರನಿಗೆ ಹೆಂಡತಿ, ಜೊತೆಗೆ ಓಣಿಯ ಹನ್ನೊಂದು ನಲ್ಲಿಗಳ ಕೆಲಸ. ದುಂಡವ್ವನಿಗೆ ದಿನಕ್ಕೊಂದು ಕೊಡ ನೀರು. ಹಳದಿ ಹಾಳೆ ಮತ್ತೆ ಮಸಾಲೆ ಡಬ್ಬಿಗೇ ಹೋಯಿತು. ಈರಬಸಪ್ಪನಿಗೆ ಪ್ರತಿ ಸೋಮವಾರ ಹೆಂಡತಿಯ ತಲೆಗೆ ಎಣ್ಣೆ ಹಚ್ಚುವ ಕೆಲಸ, ಆಕೆಯೂ ಅಂದು ಹಿತ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನನಗೆ ಮುದ್ರೆ ಉಳಿಯಿತು, ಭಜಿ ನಾಲ್ಕು. ನುಡಿಗನಿಗೆ ಏನೂ ಇಲ್ಲ, ಅವನು ಕೇಳಲೂ ಇಲ್ಲ. ನಿಮ್ಮಲ್ಲಿ ಆ ಸಾಲು ಬರೆದವರಿಗೆ ಇಷ್ಟು ವರ್ಷವೂ ಏನೂ ದಕ್ಕಿಲ್ಲ. ಈಗ ಈ ಕಾಗದ, ಮೊದಲ ಹಾಳೆ, ಚಿತ್ತು ಇಪ್ಪತ್ತಾರು.