ಅತ್ತೆಯ ಅಂಗಳಕ್ಕೆ ಹುಲ್ಲು ಹಾಸಿದ ಮೇಲೆ

ಮನೆಯಿಂದ
ಜೂನ್ ೯, ಭಾನುವಾರ ಮಧ್ಯಾಹ್ನ

ಇವರಿಗೆ,

‘ಪ್ರೀತಿಯ’ ಎಂದು ಬರೆಯಹೊರಟೆ, ಕೈ ಬರಲಿಲ್ಲ. ಮೊಣಕಾಲು ನೋವು ಹೇಗಿದೆ? ಕೆಮ್ಮು ನಿಂತಿತೇ? ಶಾಲೆಯ ಹಾಸ್ಟೆಲಿನ ಊಟ ಒಗ್ಗುತ್ತಿದೆಯೇ? ಕೇಳಬೇಕಾದ್ದು ಕೇಳಿದ್ದಾಯಿತು, ಇನ್ನು ಬೈಗುಳ. ಫೋನಿನಲ್ಲಿ ಬೈದರೆ “ಗ್ರೌಂಡಲ್ಲಿದೀನಿ, ಆಮೇಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಕೂತು ಪೂರ್ತಿ ಓದಿ.

ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿ, ಆಸ್ಪತ್ರೆಗೆ ಹತ್ತಿರವೆಂದು ನಾವಿಬ್ಬರೂ ನನ್ನ ಅಕ್ಕನ ಮನೆಯಲ್ಲಿ ಉಳಿದಿದ್ದೆವಲ್ಲ, ಅದೇ ಸಮಯ ನೋಡಿ ನಿಮ್ಮ ಶಾಲೆಯ ಮೈದಾನ ಮಾಡಿದ ಕಂಟ್ರಾಕ್ಟರನನ್ನು ಇಲ್ಲಿಗೆ ಕಳಿಸಿದಿರಿ. ಸರ್‌ಪ್ರೈಸ್ ಅಂತೆ! ಅಮ್ಮನ ಕಣ್ಣು ತಿಳಿಯಾದಾಗ ಎದುರಿಗೆ ಹಸಿರು ಕಾಣಲಿ ಅಂತೆ. ಅವನು ಅಂಗಳದಲ್ಲಿದ್ದದ್ದನ್ನೆಲ್ಲ ಬೇರು ಸಮೇತ ಕಿತ್ತು, ಮೇಲಿನ ಮಣ್ಣನ್ನೂ ಕೆರೆದು ಲಾರಿಗೆ ತುಂಬಿ, ಗೇಟಿನಿಂದ ಮೆಟ್ಟಿಲವರೆಗೆ ಲಾನ್ ಹಾಸಿ ಹೋಗಿದ್ದಾನೆ. ಪಿ.ಟಿ. ಮೇಷ್ಟ್ರ ಮನೆ ಅಂದಮೇಲೆ ಸುಣ್ಣದ ಗೆರೆಯೊಂದು ಬಾಕಿ, ಅದನ್ನೂ ಎಳೆಸಿಬಿಡಬೇಕಿತ್ತು.

ನೀವು ಮನೆಗೆ ಬರುವುದು ಬೇಸಿಗೆ ರಜೆಗೆ ಮಾತ್ರ. ಬಂದಾಗೆಲ್ಲ ಒಣಕಡ್ಡಿ ನೋಡಿ “ಮನೆ ಮುಂದೆ ಏನಿದು ಕಸ” ಎಂದು ಮೂಗು ಮುರಿದಿದ್ದೀರಿ. ನಾವು ಬೇಕೆಂದೇ ನೀರು ಹಾಕುತ್ತಿರಲಿಲ್ಲ, ಕಡ್ಡಿಯನ್ನೂ ಕೀಳುತ್ತಿರಲಿಲ್ಲ. ತುಂಬೆ ಒಣಗಿ ಬೀಜ ಉದುರಿಸಿ ಮಳೆಗೆ ಕಾಯುತ್ತದೆ ಎಂದು ಹೇಳಹೋದರೆ ನೀವು ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದಿರಿ. ಎಕ್ಕ, ಲಕ್ಕಿ, ತಂಗಡಿ, ಒಂದು ಗಿಡವೂ ನಾವು ಅಂಗಡಿಯಿಂದ ತಂದದ್ದಲ್ಲ. ಈ ನೆಲದವು, ಈ ಬಿಸಿಲಿಗೆ ಹೊಂದಿಕೊಂಡವು. ರಸ್ತೆ ಪಕ್ಕ, ಪಾಳು ಸೈಟಿನಲ್ಲಿ ಕಂಡದ್ದನ್ನು ಅತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ಹಾಕಿದವು. ಕಣ್ಣು ಮಂಜಾದ ಮೇಲೂ ಬೆಳಿಗ್ಗೆ ಅಂಗಳಕ್ಕೆ ಇಳಿದು, ಲಕ್ಕಿ ಎಲೆ ಉಜ್ಜಿ ಮೂಸಿ, ಎಕ್ಕದ ಎಲೆ ಸವರಿ “ಹುಳ ತಿಂದಿದೆ ಕಣೇ, ಇನ್ನೇನು ಚಿಟ್ಟೆ ಬರುತ್ತೆ” ಎನ್ನುತ್ತಿದ್ದರು. ಚಿಟ್ಟೆಯ ಬಣ್ಣ ಯಾವುದೆಂದು ನನ್ನನ್ನು ಕೇಳುತ್ತಿದ್ದರು, ನಾನು ಒಲೆ ಮೇಲಿನ ಹಾಲು ಬಿಟ್ಟು ಬಂದು ನೋಡಿ ಹೇಳಬೇಕಿತ್ತು. ಆಪರೇಷನ್ನಿಗೆ ಅವರು ಒಪ್ಪಿದ್ದು ಡಾಕ್ಟರ ಮಾತಿಗೂ ಅಲ್ಲ, ನಿಮ್ಮ ಒತ್ತಾಯಕ್ಕೂ ಅಲ್ಲ. ಈ ಸಲದ ಮಳೆಗೆ ಅಂಗಳ ಚಿಗುರುವುದನ್ನು ತಾವೇ ನೋಡಬೇಕಿತ್ತು.

ಆಟೋ ಇಳಿದು, ಕಪ್ಪು ಕನ್ನಡಕ ಹಾಕಿಕೊಂಡು ಗೇಟಿನ ಹತ್ತಿರ ನಿಂತರು. “ಯಾರ ಮನೆಗೆ ಕರ್ಕೊಂಡು ಬಂದ್ಯೇ?” ಅಂದರು. ಅವರು ಗೋಡೆ ಹಿಡಿದು ಎಕ್ಕದ ಗಿಡವಿದ್ದ ಮೂಲೆಗೆ ನಡೆದರು, ಗಾಳಿಯಲ್ಲಿ ಕೈಯಾಡಿಸಿದರು, ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಅಂದಿನಿಂದ ಅಂಗಳಕ್ಕೆ ಇಳಿದಿಲ್ಲ, ಕಿಟಕಿಯ ಪರದೆಯನ್ನೂ ಸರಿಸಗೊಡುವುದಿಲ್ಲ. ನನ್ನ ಹೊಟ್ಟೆ ಉರಿಯುತ್ತಿದೆ, ರೀ. ಹೆತ್ತ ತಾಯಿಗೆ ಏನು ಇಷ್ಟವೆಂದು ಒಂದು ಮಾತು ಕೇಳುವ ಪುರುಸೊತ್ತು ನಿಮಗೆ ಇಷ್ಟು ವರ್ಷದಲ್ಲಿ ಸಿಗಲಿಲ್ಲವೇ?

ಕಂಟ್ರಾಕ್ಟರನಿಗೆ ಫೋನ್ ಮಾಡಿ ಮಣ್ಣು ವಾಪಸ್ ತಾ ಎಂದೆ. ಯಾವುದೋ ಗುಂಡಿಗೆ ಸುರಿದು ಆಯಿತಂತೆ. “ಸಾರ್ ಹೇಳಿದ್ರು ಮೇಡಂ” ಎಂಬ ಒಂದೇ ಮಂತ್ರ. ಲಾನಿಗೆ ದಿನಾ ಎರಡು ಹೊತ್ತು ನೀರು ಬಿಡಬೇಕಂತೆ. ನಾನು ಒಂದು ಲೋಟವನ್ನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮೊನ್ನೆ ಒಂದು ಮಳೆ ಬಂತು, ಒಂದೇ ಒಂದು ತುಂಬೆ ಮೊಳೆತಿಲ್ಲ.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳಿ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಕೋಪ ಇದೆ ಎಂದು ನಿಮ್ಮ ಆರೋಗ್ಯ ಕೆಡಲಿ ಎನ್ನುವವಳಲ್ಲ ನಾನು.

ಇಂತಿ,
ಸದ್ಯಕ್ಕೆ ನಿಮ್ಮ ಫೋನ್ ಎತ್ತದ
ನಿಮ್ಮ ಮನೆಯವಳು

ಮರೆತಿದ್ದೆ: ಎಡಗಣ್ಣಿನ ಆಪರೇಷನ್ ಜೂನ್ ೧೭, ಸೋಮವಾರ. ಅತ್ತೆ ಬರುವುದಿಲ್ಲ ಎನ್ನುತ್ತಿದ್ದಾರೆ. ಬಿಟ್ಟರೆ ಆ ಕಣ್ಣು ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ಕಾಲು ಹಿಡಿದು ಕೇಳಿಕೊಂಡೆ. “ಅವನು ಹಾಸಿರೋ ಹುಲ್ಲು ನೋಡೋಕೆ ಒಂದು ಕಣ್ಣೇ ಹೆಚ್ಚಾಯ್ತು” ಅಂದರು. ರಜೆ ಹಾಕಿ ಬನ್ನಿ. ಬರುವಾಗ ಗುದ್ದಲಿ ಹಿಡಿದುಕೊಂಡೇ ಬನ್ನಿ, ಅವರ ಕಣ್ಣೆದುರಿಗೆ ಆ ಹುಲ್ಲನ್ನು ನೀವೇ ಕೀಳಬೇಕು.