ಒಂದು ತೋಳಿನಷ್ಟು ಬಟ್ಟೆ

ದಮನ್ಹೂರ್
9 ಫೆಬ್ರುವರಿ 1984, ಗುರುವಾರ

ನನ್ನ ಕಣ್ಣಿನ ಬೆಳಕೇ, ಮಗಳೇ ಅಫ್ಕಾರ್,

ಕಾಲಿನ ಬಾವು ಇಳಿಯಿತೇ? ಎಡಮಗ್ಗುಲಾಗಿ ಮಲಗುತ್ತೀಯೋ, ಇಲ್ಲ ಹಳೆಯ ಅಭ್ಯಾಸದಂತೆ ಅಂಗಾತವೋ? ಹಿಲ್ಮಿಯ ಕಾಗದದಲ್ಲಿ ‘ಎಲ್ಲ ಕ್ಷೇಮ’ ಎಂಬುದು ಬಿಟ್ಟರೆ ಒಂದಕ್ಷರವಿರಲಿಲ್ಲ. ಶಾಲೆಯ ಮಕ್ಕಳಿಂದ ಪುಟಗಟ್ಟಲೆ ಪ್ರಬಂಧ ಬರೆಸುವ ಮೇಷ್ಟ್ರಿಗೆ ಅತ್ತೆಗೆ ಬರೆಯುವಾಗ ಮಾತ್ರ ಶಾಯಿ ತೀರಿಹೋಗುತ್ತದೆ. ಉಪ್ಪು ಕಡಿಮೆ ತಿನ್ನು. ಉಪ್ಪಿನಕಾಯಿ ಮಾರುವವಳು ಹೇಳುವ ಬುದ್ಧಿಮಾತು ನೋಡು ಎಂದು ನಗಬೇಡ. ನಿನಗೆ ಆಸೆಯಾಗಿದೆಯೆಂದು ನಿಂಬೆಕಾಯಿಯ ಡಬ್ಬಿ ಕಳಿಸಿದ್ದೇನೆ, ದಿನಕ್ಕೊಂದು ಹೋಳಿಗಿಂತ ಹೆಚ್ಚು ಬೇಡ. ನಿನ್ನಪ್ಪನ ಮಂಡಿನೋವು ಚಳಿ ಮುಗಿದರೆ ಹೋಗುತ್ತದೆ. ಗೊಣಗಾಟಕ್ಕೆ ಅಂಥ ಋತುವೇನೂ ಇಲ್ಲ.

ಇಲ್ಲಿಯ ಸಮಾಚಾರವೆಂದರೆ, ನಿನ್ನ ಅಮ್ಮ ಹೊಲಿಗೆ ಕಲಿತಳು. ಗುಂಡಿ ಕಿತ್ತರೂ ಪಕ್ಕದ ಮನೆಯ ಉಮ್ ವೀಸಾಳ ಹತ್ತಿರ ಓಡುತ್ತಿದ್ದವಳು ಈಗ ಅವಳ ಮಿಷನ್ನಿನ ಮುಂದೆ ತಾನೇ ಕೂರುತ್ತಾಳೆ. ಶುರುವಾದದ್ದು ನಿನ್ನ ಕಾಗದದಿಂದ. ‘ಅಮ್ಮಾ, ಈ ಸಲ ಒಂದು ಎಳೆ ನೂಲೂ ತರಬೇಡ, ಏನೂ ಸಿದ್ಧ ಮಾಡಬೇಡ, ಮಗು ಅತ್ತ ಮೇಲೆ ನೋಡೋಣ’ ಎಂದು ಬರೆದಿದ್ದೆಯಲ್ಲ. ನಿನ್ನಪ್ಪ ಅದನ್ನು ಗಟ್ಟಿಯಾಗಿ ಓದಿ, ಮಡಚಿ, “ಮಾತು ಅಂದ್ರೆ ಮಾತು, ನಬವಿಯಾ. ಏನೂ ಸಿದ್ಧ ಮಾಡಲ್ಲ ಅಂತ ನಾನೇ ಅವಳಿಗೆ ಬರೀತೀನಿ” ಅಂದರು. ನಾನೂ ಒಪ್ಪಿದೆ. ಎರಡು ಸಲ ನಾವು ಮೊದಲೇ ಬೀರು ತುಂಬಿಸಿದ್ದೆವು, ಎರಡು ಸಲವೂ ಆ ಬಟ್ಟೆಗಳನ್ನು ನಾನೇ ಗಂಟು ಕಟ್ಟಿ ರೈಲಿನಲ್ಲಿ ವಾಪಸು ತಂದೆ. ಆ ಗಂಟು ಇಲ್ಲೇ ಅಟ್ಟದ ಮೇಲಿದೆ, ಬಿಚ್ಚಿಲ್ಲ. ನೀನು ಹೇಳಿದ್ದು ಸರಿಯೇ. ಆದರೆ ನಿನಗೆ ತಿಂಗಳು ತುಂಬುತ್ತಿರುವಾಗ ನನ್ನ ಕೈ ಸುಮ್ಮನೆ ಮಡಿಲಲ್ಲಿ ಕೂತಿರಬೇಕಲ್ಲ, ಅದು ಆಗಲಿಲ್ಲ.

ಉಮ್ ವೀಸಾಳ ಮನೆಗೆ ಹೋಗಿ ಹೊಲಿಗೆ ಹೇಳಿಕೊಡು ಅಂದೆ. ಏನು ಹೊಲಿಯಬೇಕು ಅಂದಳು. ಹಸುಗೂಸಿನ ಅಂಗಿ ಅಂದೆ. ನನ್ನ ಮುಖವನ್ನೊಮ್ಮೆ ನೋಡಿ ಕತ್ತರಿ ತಂದು ಕೈಗಿಟ್ಟಳು, ಒಳ್ಳೆಯ ಹೆಂಗಸು. ಮುಂದೆ ಒಂದು ತುಂಡು, ಹಿಂದೆ ಒಂದು ತುಂಡು, ಎರಡು ತೋಳು, ಕತ್ತಿಗೊಂದು ಲಾಡಿ, ಅಷ್ಟೇ. ಅಷ್ಟೇ ಅಂದುಕೊಂಡೆ! ಮೊದಲನೆಯದನ್ನು ಮೀನು ಮಾರುವ ಝಕಿಯಾಳ ಕೂಸಿಗೆ ಕೊಟ್ಟರೆ ಕತ್ತಿನಲ್ಲಿ ತಲೆಯೇ ತೂರಲಿಲ್ಲ. “ಚಿಕ್ಕಮ್ಮಾ, ಇದು ಕೂಸಿಗೆ ಹೊಲಿದಿದ್ದಾ, ಸೀಸೆಗೆ ಹೊಲಿದಿದ್ದಾ?” ಅಂದಳು ಆ ಬಾಯಿಬಡುಕಿ. ಆಮೇಲೆ ಕತ್ತನ್ನು ಬಿಚ್ಚಿ ತಾನೇ ಸರಿಮಾಡಿಕೊಂಡಳಂತೆ. ಇನ್ನೊಂದರಲ್ಲಿ ಕೈ ಹೊರಬರುವ ಜಾಗವನ್ನೇ ಹೊಲಿದು ಮುಚ್ಚಿಬಿಟ್ಟಿದ್ದೆ. ಮತ್ತೊಂದರ ಅಂಚನ್ನು ನನ್ನ ಸ್ವಂತ ನಿಲುವಂಗಿಗೆ ಸೇರಿಸಿ ಹೊಲಿದುಕೊಂಡು ಎದ್ದು ನಿಂತೆ. ನನ್ನ ಬೆರಳಿನ ವಿನೆಗರ್ ವಾಸನೆ ಬಟ್ಟೆಗೂ ಹತ್ತಿ, ಬೀದಿಯ ಒಂದು ಕೂಸು ಅಂಗಿಯ ತೋಳು ಚೀಪಿ ಚೀಪಿ ಮುಖ ಹುಳ್ಳಗೆ ಮಾಡುತ್ತಿತ್ತಂತೆ.

ಬೇಸರ ಬಂದು ನಿಲುವಂಗಿಯನ್ನಾದರೂ ಹೇಳಿಕೊಡು ಅಂದರೆ ಉಮ್ ವೀಸಾ ಒಪ್ಪಲಿಲ್ಲ. “ಇದನ್ನೇ ಹೊಲಿ. ಕೈಗೆ ಬಾಯಿಪಾಠ ಆಗೋವರೆಗೂ ಇದನ್ನೇ ಹೊಲಿ” ಅಂದಳು. ಆಮೇಲೆ ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಈ ಚಳಿಗಾಲದಲ್ಲಿ ನಮ್ಮ ಬೀದಿಯಲ್ಲಿ ಹುಟ್ಟಿದ ಯಾವ ಕೂಸೂ ನನ್ನ ಅಂಗಿಯಿಂದ ತಪ್ಪಿಸಿಕೊಂಡಿಲ್ಲ. ಒಂದೂ ನಮ್ಮ ಮನೆಯಲ್ಲಿ ಉಳಿಯಲಿಲ್ಲ, ಹಾಗಾಗಿ ನಿನಗೆ ಕೊಟ್ಟ ಮಾತನ್ನು ಮುರಿದಿಲ್ಲ. ಒಂದು ವಿಷಯ ಹೇಳಲೇ? ಮೊದಮೊದಲು ಕತ್ತರಿ ಹಿಡಿದಾಗೆಲ್ಲ ಉಳಿಯದೆ ಹೋದ ಆ ಇಬ್ಬರ ನೆನಪಾಗಿ ಬಟ್ಟೆಯೇ ಕಾಣುತ್ತಿರಲಿಲ್ಲ, ಕಣ್ಣು ತುಂಬುತ್ತಿತ್ತು. ಕಂಕುಳ ಎಲ್ಲಿ ತಿರುಗಬೇಕು, ಕತ್ತಿಗೆಷ್ಟು ಬಿಡಬೇಕು ಎಂದು ನೋಡುತ್ತ ನೋಡುತ್ತ, ಹೋದ ವಾರ ಒಂದು ಅಂಗಿಯನ್ನು ಮೊದಲಿಂದ ಕೊನೆಯವರೆಗೆ ಹೆದರದೆ ಹೊಲಿದಿದ್ದೆ. ಮುಗಿದ ಮೇಲೆಯೇ ಗೊತ್ತಾಯಿತು. ಆಸೆ ಪಡುವುದನ್ನೂ ಹೀಗೆಯೇ ಮತ್ತೆ ಮತ್ತೆ ಮಾಡಿ ಕಲಿಯಬೇಕೇನೋ ಮಗಳೇ, ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಹಿಲ್ಮಿಗೂ ಅವನ ತಾಯಿಗೂ ನನ್ನ ಸಲಾಮು ತಿಳಿಸು. ಭಾರ ಎತ್ತಬೇಡ. ದೇವರು ನಿನ್ನ ಮಡಿಲು ತುಂಬಿಸಲಿ, ತುಂಬಿದ್ದನ್ನು ಕಾಯಲಿ.

ನಿನ್ನ ಅಮ್ಮ,
ನಬವಿಯಾ

ಮರೆತ ಮಾತು: ನಿನ್ನಪ್ಪ ಲಕೋಟೆ ತರಲು ಹೋಗಿದ್ದಾರೆ, ಬರುವುದರೊಳಗೆ ಬರೆಯಬೇಕು. ಅವರಿಗೆ ಇದು ಗೊತ್ತಿಲ್ಲ. ಮಕ್ಕಳು ನಿಲ್ಲದ ಮನೆಯಲ್ಲಿ ಮನೆಮನೆಗೆ ಹೋಗಿ ಬಟ್ಟೆಯ ಚೂರು ಬೇಡಿ ತಂದು ಅಂಗಿ ಹೊಲಿದು ತೊಡಿಸಿದರೆ, ಇದು ಭಿಕ್ಷುಕರ ಕೂಸು ಎಂದು ದೃಷ್ಟಿ ಅದನ್ನು ಬಿಟ್ಟು ಹೋಗುತ್ತದೆ ಎಂದು ನಿನ್ನ ಅಜ್ಜಿ ಹೇಳುತ್ತಿದ್ದಳಲ್ಲ. ನಿನ್ನ ಸೋದರಮಾವ ಉಳಿದದ್ದು ಹಾಗೆ. ಜನ್ಮದಲ್ಲಿ ಯಾರೆದುರೂ ಕೈಯೊಡ್ಡದ ನಾನು ಸೋಮವಾರ ಬೀದಿಯುದ್ದಕ್ಕೂ ಮಡಿಲೊಡ್ಡಿದೆ. ಹೆಂಗಸರು ಏನು ಕೊಟ್ಟರು ಗೊತ್ತೇ? ಅವರ ಕೂಸುಗಳಿಗೆ ಚಿಕ್ಕದಾದ ನನ್ನ ಅಂಗಿಗಳನ್ನೇ ಕತ್ತರಿಸಿ ಚೂರು ಕೊಟ್ಟರು. ಝಕಿಯಾ ಅದೇ ಸೀಸೆಯ ಕತ್ತಿನ ಅಂಗಿಯಿಂದ ಕೊಟ್ಟಳು, ಈ ಸಲ ಬಾಯಿ ಮಾಡಲಿಲ್ಲ. ನಾನೇ ಕೊಟ್ಟದ್ದು ಬೇಡಿದ ಲೆಕ್ಕಕ್ಕೆ ಬರುತ್ತದೆಯೇ ಎಂದು ಉಮ್ ವೀಸಾಳನ್ನು ಕೇಳಿದೆ. “ಕೊಟ್ಟ ಮೇಲೆ ಅದು ಅವ್ರದು. ಬೇಡಿದ ಮೇಲೆ ನಿನ್ನ ಮೊಮ್ಮಗುವಿಂದು” ಅಂದಳು. ಅಂಗಿ ಹೊಲಿದಿದ್ದೇನೆ, ಆದರೆ ಒಂದೇ ತೋಳು ಇಟ್ಟಿದ್ದೇನೆ. ಒಂದು ತೋಳಿನ ಅಂಗಿಯನ್ನು ಸಿದ್ಧವಾದ ಅಂಗಿ ಎಂದು ಯಾರೂ ಹೇಳಲಾರರು. ಇನ್ನೊಂದು ತೋಳಿನ ಬಟ್ಟೆಯನ್ನು ನಿನ್ನ ಬಾಗಿಲಲ್ಲಿ ನಿಂತು ಬೇಡುತ್ತಿದ್ದೇನೆ ಅಫ್ಕಾರ್. ಮನಸ್ಸಿಲ್ಲದಿದ್ದರೆ ಕಳಿಸಬೇಡ, ನಾನು ಮತ್ತೆ ಈ ಮಾತೆತ್ತುವುದಿಲ್ಲ. ಮನಸ್ಸಾದರೆ ನಿನ್ನ ಹಳೆಯ ಉಡುಪಿನದೊಂದು ಚೂರು ಕಾಗದದೊಳಗೆ ಮಡಚಿಡು. ದೊಡ್ಡದು ಬೇಡ. ಹುಟ್ಟುವ ಕೂಸಿನ ತೋಳು ಎಷ್ಟಿರುತ್ತದೆಂದು ನನ್ನ ಕೈಗೆ ಈಗ ಗೊತ್ತು.