ಡಾನ್ಸ್ ಹಾಲ್‌ನ ಗೋಡಿ ಮ್ಯಾಲಿನ ಸೈನಿಕ

16-4-25, ಬುಧವಾರ

ವಾಕಿಂಗ್ ಅರ್ಧಕ್ಕ ಬಿಟ್ಟೆ. ಮೊಣಕಾಲು. ಲೂಯಿಸ್‌ವಿಲ್ ಕೆರಿ ದೂರದಿಂದ ನೋಡಿ ತಿರುಗಿ ಬಂದೆ. ನಾಲ್ಕು ರೊಟ್ಟಿ ಬಡದೆ. ಸೊಸಿ ಶೀತಲ್ ಫೋನ್ ಕಿವಿಗೆ ಹಚ್ಕೊಂಡು ನಿಂತೇ ತಿಂದಳು. ದಿನಾ ಹಿಂಗೇ.

ನಿನ್ನೆ ವೇತುನ ಅಜ್ಜಿ ಬಂದ್ರು. ವೇತು ಅಂದ್ರ ಮೊಮ್ಮಗಳು ನಿಧಿ ಮದಿವಿ ಆಗೋ ಹುಡುಗ. ನಮೀಬಿಯಾದಾಂವ, ಹೆರೆರೋ ಜನ. ಇಬ್ರೂ ಇಲ್ಲೇ ಟೆಕ್ಸಸ್‌ನಾಗ, ಟೇಲರ್ ಅನ್ನೋ ಊರಿನ ಚಿಪ್ ಫ್ಯಾಕ್ಟರಿಯೊಳಗ ಇಂಜಿನಿಯರ್. ಅವಗ ತಾಯಿ ಇಲ್ಲ, ಅಜ್ಜಿನೇ ಸಾಕ್ಯಾರ. ಮದಿವಿ ಮುಗಿಯೋ ತನಕ ನಮ್ಮನ್ಯಾಗೇ ಇರ್ತಾರ, ನನ್ನ ಪಕ್ಕದ ರೂಮು.

ಹೆಸರು ವಿಲ್ಹೆಲ್ಮೀನಾ. ನನ್ನ ನಾಲಿಗಿ ಹೊರಳಲಿಲ್ಲ. ಮೀನಾ ಅಂತೀನಿ ಅಂದೆ. ನಕ್ಕು ಆತು ಅಂದ್ರು. ರಿಟೈರ್ಡ್ ನರ್ಸ್. ಇಂಗ್ಲಿಷ್ ಸ್ವಚ್ಛ. ನಂದು ಕುಂಟತೈತಿ, ಆದ್ರೂ ನಡೀತೈತಿ.

18-4-25, ಶುಕ್ರವಾರ

ಮೀನಾ ಅವರ ಗೌನು ಕುತ್ತಿಗಿಯಿಂದ ಪಾದದ ತನಕ. ಒಳಗ ಲಂಗದ ಮ್ಯಾಲೆ ಲಂಗ. ತಲಿಗೆ ಎರಡೂ ಕಡೆ ಚೂಪಾಗಿ ಚಾಚಿದ ರುಮಾಲು — ಆಕಳ ಕೋಡು ಇದ್ದಂಗ. ದನಾ ಕಾಯೋ ಜನ ಅಂತ, ಅದಕ್ಕ. ನಾ ಗುಳೇದಗುಡ್ಡದಾಗ ಆಯುಷ್ಯವೆಲ್ಲಾ ಕುಪ್ಪಸ ಹೊಲದಾಕಿ. ಹೊಲಿಗಿ ತಿರುವಿ ನೋಡದ ಬಿಡಲಿಲ್ಲ. ಕೈ ಹೊಲಿಗಿ. ಒಂದು ಟಾಕಾ ಸೊಟ್ಟಿಲ್ಲ.

"ಈ ಗೌನು ನಿಮ್ಮವರದೇ ಏನು?" ಅಂದೆ.

"ಜರ್ಮನ್ ಪಾದ್ರಿಗಳ ಹೆಂಡಂದಿರು ಹಾಕಿಸಿದ್ರು. ಮುಂದ ನಾವು ನಮ್ಮದು ಮಾಡ್ಕೊಂಡ್ವಿ. ಕೋಡು ನಾವು ಸೇರಿಸಿದ್ದು."

ಮದಿವಿಗಂತ ತಂದ ಖಣದಾಗ ಎರಡು ಕೊಟ್ಟೆ. ಹೊಸಾ ರುಮಾಲು ಇದ್ರಾಗೇ ಮಾಡ್ತೀನಿ ಅಂದ್ರು.

19-4-25, ಶನಿವಾರ

ಮಗ ವಿನಾಯಕ ನಮಗ ಮದಿವಿ ಹಾಲ್ ತೋರಿಸಾಕ ಕರ್ಕೊಂಡು ಹೋಗಿದ್ದ. ವೇತುನೂ ಬಂದಿದ್ದ. ಆಸ್ಟಿನ್‌ನಿಂದ ಇನ್ನೂ ಪಶ್ಚಿಮಕ್ಕ. ಹಿಂದ ಜರ್ಮನಿಯಿಂದ ಬಂದು ನೆಲಸಿದವರು ಕಟ್ಟಿದ ಡಾನ್ಸ್ ಹಾಲ್. ಎಲ್ಲಾ ಕಟ್ಟಿಗಿ. ಸುತ್ತ ಓಕ್ ಗಿಡ, ತಂಪು. ನನ್ನ ಮಗ ಆರಿಸಿದ್ದು ಖರೇನ ಚಂದ ಐತಿ.

ಆರ್ಲೀನ್ ಅಂತ ಹೆಣ್ಣಮಗಳು ಅದನ್ನ ನೋಡ್ಕೊಂತಾಳ. ನಮ್ಮ ವಾರಿಗಿಯಾಕಿ. ಎಲ್ಲಾರಿಗೂ ನಿಂಬು ಶರಬತ್ತು ಕೊಟ್ಟಳು. ಗೋಡಿ ತುಂಬ ಹಳೇ ಫೋಟೋ — ಹಾಡಿನ ಸಂಘ, ಬ್ಯಾಂಡು, ಗುರಿ ಹೊಡಿಯೋ ಪಂದ್ಯ. ಮೀನಾ ಒಂದೊಂದೇ ನೋಡ್ಕೊಂತ ಹೋಗಿ ಒಂದರ ಮುಂದ ನಿಂತ್ರು. ಹರೇದ ಸೈನಿಕ. ಅಗಲ ಟೊಪಗಿ, ಬಲಗಡಿ ಅಂಚು ಮ್ಯಾಲೆತ್ತಿ ಸಿಗಿಸಿದ್ದು. ಹಿಂದ ಮರಳು, ಒಂದು ಮುಳ್ಳಿನ ಗಿಡ.

"ಇವರು ಯಾರು?"

ಆರ್ಲೀನ್‌ಗೆ ಖುಷಿ ಆತು. "ನಮ್ಮಜ್ಜಿ ತಮ್ಮ. ಆಫ್ರಿಕಾದಾಗ ಸೈನಿಕ ಇದ್ದ. ಆಮ್ಯಾಲೆ ಇಲ್ಲಿಗೆ ಬಂದು ನಮ್ಮ ಬ್ಯಾಂಡ್ ಕಟ್ಟಿದ. ಊರ ಮಕ್ಕಳಿಗೆಲ್ಲಾ ಟ್ರಂಪೆಟ್ ಕಲಿಸಿದ. ಭಾಳ ಮೆತ್ತಗಿನ ಮನುಷ್ಯಾ."

"ಆಫ್ರಿಕಾದಾಗ ಯಾವಾಗ?"

"ಹತ್ತೊಂಬತ್ತ ನೂರಾ ನಾಲ್ಕು, ಐದು… ಹಂಗೇನೋ."

ಮೀನಾ ಶರಬತ್ತಿನ ಗ್ಲಾಸ್ ಮೇಜಿನ ಮ್ಯಾಲಿಟ್ರು. ಕಾರಿನಾಗ ಹೋಗಿ ಕುಂತ್ರು. ಬಿಸಲು ಬಡದಿರಬೇಕು ಅಂದ ವಿನಾಯಕ. ವೇತು ಆ ಫೋಟೋ ನೋಡಿ ತಾನೂ ಹೊರಗ ಹೋದ.



21-4-25, ಸೋಮವಾರ

ಮೆಂತೆ ಸೋಸಾಕ ಕುಂತಿದ್ದೆ. ಮೀನಾ ತಾವೂ ಬಂದು ಕುಂತ್ರು. ಕೇಳದನ ಹೇಳಿದ್ರು. ನೆನಪಿದ್ದಷ್ಟು ಬರೀತೀನಿ.

ಆ ಫೋಟೋದ ಕಾಲಕ್ಕ ಅವರಜ್ಜಿ ಸಣ್ಣ ಹುಡುಗಿ. ಆಗ ನಮೀಬಿಯಾ ಆಳ್ತಿದ್ದ ಜರ್ಮನರು ನೆಲಾ ದನಾ ಕಸಗೊಂಡಿದ್ರು, ಹೆರೆರೋ ಜನ ತಿರುಗಿ ಬಿದ್ರು. ಗುಡ್ಡದ ಹತ್ರ ದೊಡ್ಡ ಯುದ್ಧ. ಸೋತ ಮ್ಯಾಲೆ ಹೆಂಗಸರು ಮಕ್ಕಳು ದನಾ ಎಲ್ಲಾ ಮರಳಗಾಡಿಗೆ ಓಡಿದ್ರು. ಸೈನ್ಯ ಹಿಂದಿನ ನೀರಿನ ಬಾವಿಗೆ ಕಾವಲು ಹಾಕಿತು. ತಿರುಗಿ ಬಂದವರಿಗೆ ಗುಂಡು. ಹೆರೆರೋ ಅನ್ನೋರು ಈ ದೇಶದಾಗ ಇರಬಾರದು ಅಂತ ಜನರಲ್‌ನ ಹುಕುಮ್ — ಬರದು ಸಹಿ ಹಾಕಿದ್ದು.

ಜನ ಕೈಯಿಂದ ನೆಲಾ ತೋಡಿದ್ರು. ನೀರು ಬರಲಿಲ್ಲ. ಅಜ್ಜಿಗೊಬ್ಬ ತಮ್ಮ, ಇನ್ನೂ ಮೊಲಿ ಕುಡಿಯೋ ಕೂಸು. ಅವರವ್ವನ ಎದಿ ಬತ್ತಿತ್ತು. ಒಂದು ಮುಂಜಾನೆ ಕೂಸು ಎದ್ದೇಳಲಿಲ್ಲ. ಹೂಳಾಕ ಯಾರಿಗೂ ಶಕ್ತಿ ಇಲ್ಲ. ಅವ್ವ ಒಂದು ಮುಷ್ಟಿ ಮರಳು ತೊಗೊಂಡು ಅದರ ಕಣ್ಣಿನ ಮ್ಯಾಲಷ್ಟೇ ಹಾಕಿದಳಂತ. ಮುಳ್ಳಿನ ಗಿಡದ ಕೆಳಗ ಬಿಟ್ಟು ನಡದ್ರು.

ಆಮ್ಯಾಲೆ ಹಿಡದು ಕ್ಯಾಂಪಿಗೆ ಹಾಕಿದ್ರು, ಸಮುದ್ರದ ದಂಡಿಗೆ. ಥಂಡಿ. ಎತ್ತು ಎಳಿಯೋ ಗಾಡಿ ಹೆಂಗಸರ ಕಡೆ ಎಳಸ್ತಿದ್ರು. ಅವ್ವ ಅಲ್ಲೇ ಸತ್ತಳು. ಅಜ್ಜಿ ಉಳದಳು. ವಿಲ್ಹೆಲ್ಮೀನಾ ಅಂತ ಆ ಅಜ್ಜಿಗೆ ಕ್ಯಾಂಪಿನಾಗ ಪಾದ್ರಿ ಇಟ್ಟ ಹೆಸರು. ಜರ್ಮನ್ ಚಕ್ರವರ್ತಿ ಹೆಸರಿನ ಮ್ಯಾಲಿಟ್ಟಿದ್ದಂತ. ಅದನ್ನೇ ಮುಂದ ಮೀನಾಗ ಇಟ್ಟಾರ.

"ಬ್ಯಾರೆ ಹೆಸರು ಇಡಬಹುದಿತ್ತಲ್ಲ?" ಅಂದೆ.

"ಅಜ್ಜಿ ಬದುಕಿದ್ದು ಆ ಹೆಸರಿನಾಗ," ಅಂದ್ರು.

ಸತ್ತವರಿಗೆ ನಿಮ್ಮಲ್ಲಿ ಹೆಂಗ ಮಾಡ್ತೀರಿ ಅಂತ ಕೇಳಿದ್ರು. ಕುಂದರಿಸಿ, ವಿಭೂತಿ ಹಚ್ಚಿ, ಪತ್ರಿ ಹಾಕಿ ಮಣ್ಣು ಕೊಡ್ತೀವಿ ಅಂದೆ. ಎಂಥಾ ಬಡವಗೂ ಅಷ್ಟಂತೂ ಆಗತೈತಿ ಅನ್ನೂ ಮುಂದ ಆ ಕೂಸು ನೆನಪಾತು. ಮೆಂತೆ ಅಲ್ಲೇ ಉಳೀತು. ರಾತ್ರಿಗೆ ಬ್ಯಾಳಿ ಅಷ್ಟೇ.

22-4-25, ಮಂಗಳವಾರ

ವಿನಾಯಕಗ ಮೀನಾ ಹೇಳಿದ್ದೆಲ್ಲಾ ಹೇಳಿ, ಹಾಲ್ ಬದಲಿಸು ಅಂದೆ.

"ಅವ್ವಾ, ಮೂರು ವಾರ ಉಳದಾವು. ಹ್ಯೂಸ್ಟನ್, ದ ವುಡ್‌ಲ್ಯಾಂಡ್ಸ್ ಎಲ್ಲಾ ಕಡೆಯಿಂದ ಜನ ರೂಮ್ ಬುಕ್ ಮಾಡ್ಯಾರ. ಈಗ ಎಲ್ಲಿ ಹುಡುಕಲಿ? ನೂರಾ ಇಪ್ಪತ್ತು ವರ್ಷದ ಹಿಂದಿನ ಮಾತು. ಆ ಹಾಲ್ ಕಟ್ಟಿದವರು ಅದಕ್ಕೂ ಮೊದಲೇ ಜರ್ಮನಿ ಬಿಟ್ಟು ಬಂದವರು. ಅವರದೇನು ತಪ್ಪು?"

ಸುಳ್ಳಲ್ಲ ಅವನ ಮಾತು. ಅದಕ್ಕೇ ನನಗ ಸಿಟ್ಟು ಬಂತು.

"ಫೋಟೋ ತೂಗು ಹಾಕಿದ್ದು ಇವರೇ ಅಲ್ಲೇನು?" ಅಂದೆ.

ನಿಧಿ ಫೋನಿನಾಗಿದ್ದಳು. "ಡ್ಯಾಡ್, ದಿಸ್ ಈಸ್ ಹಿಸ್ ಫ್ಯಾಮಿಲಿ," ಅಂದಳು. ಮುಂದ ಇಬ್ರೂ ಇಂಗ್ಲಿಷ್‌ನಾಗ ಜಗಳ. ಜರ್ಮನ್ ಸರ್ಕಾರ 2021ರಾಗ ಅದು ನರಮೇಧ ಅಂತ ಒಪ್ಪಿಕೊಂಡೈತಿ ಅಂದ ವಿನಾಯಕ, ಗೂಗಲ್ ಮಾಡಿ. ಒಪ್ಪಿಕೊಂಡ್ರ ಮುಗೀತಾ ಅಂದಳು ನಿಧಿ. ಮದಿವಿನೇ ಮುಂದ ಹಾಕೋಣ ಅನ್ನೋ ತನಕ ಹೋತು. ಶೀತಲ್ ಎದ್ದು ಗ್ಯಾರೇಜಿಗೆ ಹೋಗಿ ಅಳಾಕತ್ತಿದ್ದಳು. "ಅತ್ತೀ, ನೀವಾದ್ರೂ ಮೀನಾ ಆಂಟೀನ ಕೇಳ್ರಿ," ಅಂದಳು.

ನಾವ್ಯಾರೂ ಆಕೀನ ಕೇಳಿರಲಿಲ್ಲ.

23-4-25

ಕೇಳಿದೆ. ಮೀನಾ ಖಣ ಕತ್ತರಿಸಾಕತ್ತಿದ್ದಳು. ತಲಿ ಎತ್ತಲಿಲ್ಲ.

"ಹಾಲ್ ಬಿಡಬ್ಯಾಡ್ರಿ. ಒಂದು ಜಾಗಾ ಬಿಟ್ಟು ಓಡಿದ್ದು ಸಾಕು. ಆದ್ರ ಆರ್ಲೀನ್‌ಗೆ ಗೊತ್ತಾಗಬೇಕು. ನಾನೇ ಫೋನ್ ಮಾಡ್ತೀನಿ."

ಮಾಡಿದಳು.  ನಮ್ಮ ಮನ್ಯಾಗ ಇದನ್ನ ಯಾರೂ ಹೇಳಿಲ್ಲ, ಅಂವ ಎಂದೂ ಆಫ್ರಿಕಾದ ಮಾತು ತಗೀತಿರಲಿಲ್ಲ ಅಂದಳಂತ ಆರ್ಲೀನ್. ಫೋಟೋದ ಕೆಳಗ ಏನಾತು ಅಂತ ನಾಲ್ಕು ಸಾಲು ಬರದು ಹಚ್ರಿ ಅಂತ ಮೀನಾ ಕೇಳ್ಯಾಳ. ಹಾಲ್‌ನ ಕಮಿಟೀನ ಕೇಳಬೇಕು ಅಂದಾಳ ಆರ್ಲೀನ್.

3-5-25, ಶನಿವಾರ

ಬರೀಲಿಕ್ಕೆ ಪುರಸೊತ್ತಿಲ್ಲ. ಅರಿಷಿಣ, ಬಳಿ, ಹೂವಿನಾಂವ.

ಕಮಿಟಿ ಉತ್ತರ ಬಂತು. ಬರದು ಹಚ್ಚೂದಿಲ್ಲ, ತಗಿಯೂದೂ ಇಲ್ಲ. ಮದಿವಿ ದಿನ ಫೋಟೋಕ್ಕ ಬಟ್ಟಿ ಮುಚ್ಚತಾರಂತ. ವಿನಾಯಕ ಒಳ್ಳೇದಾತು ಅಂದ. ಮೀನಾ ಓದಿ ಫೋನ್ ವಾಪಸ್ ಕೊಟ್ಟಳು.

11-5-25, ರವಿವಾರ

ನಿನ್ನೆ ಮದಿವಿ ಆತು. ಕಾಲು ಬಾತಾವು. ಆದ್ರೂ ಬರೀಬೇಕು.

ಹಾಲ್ ತುಂಬ ಚೆಂಡುಹೂವು. ಆ ಫೋಟೋದ ಮ್ಯಾಲೆ ಬಿಳಿ ಬಟ್ಟಿ. ಸಾಲಿನಾಗ ಅದೊಂದೇ ಬೆಳ್ಳಗ, ಎಲ್ಲಾರ ಕಣ್ಣಿಗೂ ಬೀಳ್ತಿತ್ತು. ನಿಧಿ ಇಳಕಲ್ಲ ಸೀರಿ ಉಟ್ಟಿದ್ದಳು. ಮೀನಾ ಕೆಂಪು ಗೌನು, ತಲಿ ಮ್ಯಾಲೆ ನಮ್ಮ ಖಣದ ಕೋಡು. ಹಸರ ಖಣ, ಕೆಂಪು ದಡಿ.

ಅಯ್ಯನವರು ಅಕ್ಕಿಕಾಳು ಹಂಚಾಕತ್ತಿದ್ರು. ಮೀನಾ ಕೋಲು ಊರ್ಕೊಂಡು ಎದ್ದಳು. ನನಗ ತಿಳೀತು. ಜೋಡಿ ಹೋದೆ, ಯಾಕಂದ್ರ ಆಕಿ ಕೋಲು ಹಿಡಕೊಳ್ಳೋರು ಬೇಕು. ಕೋಲು ನನ್ನ ಕೈಗೆ ಕೊಟ್ಟು ಎರಡೂ ಕೈಯಿಂದ ಬಟ್ಟಿ ಜಗ್ಗಿದಳು. ಬಿತ್ತು.

ವಿನಾಯಕ ಬಿರಬಿರ ಬಂದ. "ಆಂಟಿ, ಮುಚ್ಚಿದ್ದು ನಿಮಗಂತನೇ ಅಲ್ಲೇನ್ರಿ," ಅಂದ ಸಣ್ಣ ದನಿಲೆ.

"ನನಗ ಬ್ಯಾಡ. ಅಂವ ನೋಡಲಿ," ಅಂದಳು.

ನಿಂತು ಸೈನಿಕನ ಮುಖಾ ನೋಡಿದಳು.  ನಾನೂ ನೋಡಿದೆ. ಮೀಸಿ ಸರಿಯಾಗಿ ಮೂಡಿಲ್ಲ, ವೇತುಗಿಂತ ಸಣ್ಣಾಂವ. ಅದನ್ನ ನೋಡಿ ನನಗ ಇನ್ನಷ್ಟು ತ್ರಾಸಾತು. ಮೀನಾ ಮೊದಲಿನ ಸಾಲಿಗೆ ಬಂದು ಕುಂತಳು. ಅಕ್ಕಿಕಾಳು ಹಾಕಿದ್ವಿ.

ಆರ್ಲೀನ್ ಬಾಗಲದಾಗ ನಿಂತಿದ್ದಳು. ಬಂದು ಕೆಳಗ ಬಿದ್ದ ಬಟ್ಟಿ ಎತ್ತಿ, ಝಾಡಿಸಿ, ಮಡಚಿ ಬಗಲಾಗ ಇಟ್ಕೊಂಡಳು. ಮತ್ತ ಮುಚ್ಚಲಿಲ್ಲ. ಕಮಿಟಿಯವನೊಬ್ಬ ಏನೋ ಅಂದ. ಆಕಿ ತಲಿ ಅಲ್ಲಾಡಿಸಿದಳು.

ಊಟದಾಗ ಹ್ಯೂಸ್ಟನ್‌ನ ಸುಧೀಂದ್ರ ಅವರು ವಿನಾಯಕನ್ನ ಕೇಳಿದ್ರು — ಅದೇನದು, ಅವರ ಪದ್ಧತಿನಾ? ಏನಾರ ಹೇಳಿ ಹಾರಿಸ್ತಾನ ಅನ್ಕೊಂಡೆ. ವಿನಾಯಕ ತಾಟು ಕೆಳಗಿಟ್ಟ. "ಅಲ್ಲ ಅಂಕಲ್. ಅವರ ಜನರ ನರಮೇಧ ಆಗಿತ್ತು. ಆ ಸೈನ್ಯದಾಗ ಇವ ಇದ್ದ," ಅಂದ. ಕೂಸಿನ ಮಾತೂ ಹೇಳಿದ, ಮರಳಿನ ಮಾತೂ. ಹೋಳಿಗಿ ತಣ್ಣಗಾತು.

ಮೀನಾಗ ಇದನ್ನ ಹೇಳಬೇಕು. ಮಲಗ್ಯಾಳ.

28-5-25, ಬುಧವಾರ

ಮೀನಾ ಊರಿಗೆ ಹೋಗಿ ವಾರ ಆತು. ಪಕ್ಕದ ರೂಮು ಖಾಲಿ. ಬಾಗಲಾ ಹಾಕೇ ಇಟ್ಟೀನಿ.

ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದ್ದಳು. ಇವತ್ತು ಅವರ ದೇಶದಾಗ ಆ ಸತ್ತವರ ನೆನಪಿನ ದಿನ. ಸರ್ಕಾರದ್ದು, ಈ ವರ್ಷ ಮೊದಲನೇ ಸಲ. ರಾಜಧಾನ್ಯಾಗ ಭಾಷಣ ಐತಿ, ನಾ ಹೋಗಲಿಲ್ಲ ಅಂದಳು. ಮನಿ ಮುಂದ ಬೆಂಕಿ ಹತ್ರ ಎಲ್ಲಾರೂ ಕುಂತಿದ್ರು. ಹಿರೇರ ಹೆಸರು ಒಂದೊಂದೇ ಹೇಳ್ತಾರಂತ. ಹೊಸಾ ಬೀಗರ ಹೆಸರೂ ಬೇಕಂತ.

"ನಿಧಿ ಈಗ ನಮ್ಮಾಕಿ. ನಿಮ್ಮವ್ವ, ಆಕಿ ಅವ್ವ… ಎಷ್ಟು ಗೊತ್ತೈತಿ ಅಷ್ಟು ಬರದಿಡ್ರಿ. ತಿರುಗಿ ಫೋನ್ ಮಾಡ್ತೀನಿ."

ಚಾ ಕುಡದು ಬರಿಯಾಕ ಕುಂತೀನಿ.

ನಾ ಗುರವ್ವ.
ನನ್ನವ್ವ ಶಿವಗಂಗವ್ವ.
ಶಿವಗಂಗವ್ವನ ಅವ್ವ ನೀಲವ್ವ, ಕಮತಗಿಯಾಕಿ. ಮಗ್ಗದ ಮುಂದ ಕುಂತೇ ಸತ್ತಳು.
ನೀಲವ್ವನ ಅವ್ವ —